ಮ್ಯೂನಿಕ್‌ಗೆ ಹೊಸಬರೆ? ಶನಿವಾರ ಸಂತೆ, ಭಾನುವಾರ ಊರು ಸುತ್ತಾಟ

ಮ್ಯೂನಿಕ್‌ನಲ್ಲಿ ಭಾನುವಾರ ಬಹುತೇಕ ಅಂಗಡಿಗಳು ಬಾಗಿಲು ತೆರೆಯುವುದಿಲ್ಲ, ಕಾನೂನೇ ಹಾಗಿದೆ. ಹಾಲೋ ತರಕಾರಿಯೋ ತೀರಿಹೋದರೆ ದೊಡ್ಡ ರೈಲು ನಿಲ್ದಾಣದೊಳಗಿನ ಅಂಗಡಿಗಳೇ ಗತಿ. ಆದ್ದರಿಂದ ಶನಿವಾರ ಬೆಳಿಗ್ಗೆ ಸಂತೆ ಮುಗಿಸಿ, ನೋಡುವ ಜಾಗಗಳನ್ನು ಭಾನುವಾರಕ್ಕೆ ಇಟ್ಟುಕೊಳ್ಳಿ. ಆಲ್ಟೆ ಪಿನಾಕೊಥೆಕ್, ಪಿನಾಕೊಥೆಕ್ ಡೆರ್ ಮೊಡೆರ್ನೆ, ಬ್ರಾಂಡ್‌ಹಾರ್ಸ್ಟ್ ಸಂಗ್ರಹಾಲಯಗಳ ಪ್ರವೇಶಕ್ಕೆ ಭಾನುವಾರ ಒಂದೇ ಯೂರೋ. ಸೋಮವಾರ ಇವೆಲ್ಲ ಮುಚ್ಚಿರುತ್ತವೆ.

ಹೊರಡುವ ಮುಂಚೆ ಟಿಕೆಟ್ಟಿನ ವಿಷಯ. ಹೊಸಬರು ದಂಡ ಕಟ್ಟುವುದು ಬಹುತೇಕ ಇಲ್ಲೇ. ಷ್ಟ್ರೈಫೆನ್‌ಕಾರ್ಟೆ ಎಂಬ ಕಾಗದದ ಟಿಕೆಟ್ಟಿನಲ್ಲಿ 10 ಪಟ್ಟಿಗಳಿರುತ್ತವೆ. ನಗರ ವಲಯದೊಳಗೆ, ಅಂದರೆ ಎಂ ವಲಯದೊಳಗೆ, ದೊಡ್ಡವರೊಬ್ಬರ ಒಂದು ಪ್ರಯಾಣಕ್ಕೆ 2 ಪಟ್ಟಿ ಬೇಕು. ಎರಡನೆಯ ಪಟ್ಟಿ ತುದಿಗೆ ಬರುವಂತೆ ಮಡಚಿ ನೀಲಿ ಪೆಟ್ಟಿಗೆಯಲ್ಲಿ ಮುದ್ರೆ ಒತ್ತಿಸಿ. ಮೊದಲ ಪಟ್ಟಿಗಷ್ಟೇ ಒತ್ತಿಸಿದರೆ ಅರ್ಧ ದುಡ್ಡು ಕೊಟ್ಟ ಲೆಕ್ಕ. ರೈಲು ಹತ್ತಿದ ಮೇಲೆ ಒತ್ತಿಸೋಣವೆಂದರೆ ಎಸ್-ಬಾನ್ (ಉಪನಗರ ರೈಲು) ಮತ್ತು ಯು-ಬಾನ್ (ಸುರಂಗ ರೈಲು) ಬೋಗಿಗಳಲ್ಲಿ ಯಂತ್ರವೇ ಇರುವುದಿಲ್ಲ, ಅದಿರುವುದು ಪ್ಲಾಟ್‌ಫಾರಂಗೆ ಹೋಗುವ ದಾರಿಯಲ್ಲಿ. ಸಿಕ್ಕಿಬಿದ್ದರೆ 60 ಯೂರೋ, ‘ಗೊತ್ತಿರಲಿಲ್ಲ’ ಅಂದರೆ ನಡೆಯದು. ವಿಮಾನ ನಿಲ್ದಾಣ 5ನೇ ವಲಯದಲ್ಲಿದೆ, ಎಂ ವಲಯದ ಟಿಕೆಟ್ ಅಲ್ಲಿಗೆ ಸಾಲದು. ಊರಿಂದ ಅಪ್ಪ ಅಮ್ಮ ಬಂದಿದ್ದರೆ ಗುಂಪಿನ ದಿನದ ಟಿಕೆಟ್ ತೆಗೆದುಕೊಳ್ಳಿ. ಐದು ಜನ ದೊಡ್ಡವರು ಮರುದಿನ ಬೆಳಿಗ್ಗೆ 6ರ ತನಕ ಓಡಾಡಬಹುದು.

ವಿಕ್ಟುವಾಲಿಯೆನ್‌ಮಾರ್ಕ್ಟ್ ಎಂಬ ಸಂತೆ ಇರುವುದು ಊರ ನಡುವಿನ ಮರಿಯೆನ್‌ಪ್ಲಾಟ್ಸ್ ಚೌಕದಿಂದ ನಾಲ್ಕು ಹೆಜ್ಜೆ ದೂರದಲ್ಲಿ. ಚೌಕದಲ್ಲೇ ಸೇರುತ್ತಿದ್ದ ಸಂತೆಗೆ ಜಾಗ ಸಾಲದೆ 1807ರಲ್ಲಿ ರಾಜ ಒಂದನೇ ಮ್ಯಾಕ್ಸ್ ಜೋಸೆಫ್ ಅದನ್ನು ಇಲ್ಲಿಗೆ ಕಳಿಸಿದ. ಇಲ್ಲಿ ತರಕಾರಿ, ಹಣ್ಣನ್ನು ಮುಟ್ಟಿ ಹಿಚುಕಿ ನೋಡುವಂತಿಲ್ಲ. ಬೇಕಾದ್ದನ್ನು ತೋರಿಸಿ, ಅಂಗಡಿಯವರೇ ಆರಿಸಿ ಕೊಡುತ್ತಾರೆ. ಮಾವಿನಹಣ್ಣು ಇವತ್ತಿಗೆ ಬೇಕೋ ಎರಡು ದಿನ ಬಿಟ್ಟು ಬೇಕೋ ಹೇಳಿದರೆ ಹಾಗೆ ನೋಡಿ ಕೊಡುತ್ತಾರೆ. ಚೌಕಾಸಿ ಬೇಡವೇ ಬೇಡ. ಬೆಲೆಚೀಟಿಯನ್ನು ಪೂರ್ತಿ ಓದಿ: ಚೀಸ್, ಆಲಿವ್, ಅಣಬೆಗಳ ಬೆಲೆ ಬಹಳ ಕಡೆ 100 ಗ್ರಾಂ ಲೆಕ್ಕದಲ್ಲಿರುತ್ತದೆ. 3,50 ಎಂದು ಬರೆದದ್ದು ಕಿಲೋ ಬೆಲೆಯೆಂದುಕೊಂಡು ಅರ್ಧ ಕಿಲೋ ಕೇಳಿದಿರೋ, 17 ಯೂರೋ 50 ಸೆಂಟ್ ತೆರಬೇಕಾಗುತ್ತದೆ. ಫುಂಡ್ ಅಂದರೆ ಇಲ್ಲಿ ಸರಿಯಾಗಿ 500 ಗ್ರಾಂ, ಬುಂಡ್ ಅಂದರೆ ಒಂದು ಕಟ್ಟು. ಐದು, ಹತ್ತರ ನೋಟು ಇಟ್ಟುಕೊಂಡಿರಿ, ಎಲ್ಲ ಮಳಿಗೆಗಳಲ್ಲೂ ಕಾರ್ಡ್ ನಡೆಯುವುದಿಲ್ಲ. ಶನಿವಾರ ಮಧ್ಯಾಹ್ನದ ಮೇಲೆ ಒಂದೊಂದೇ ಮಳಿಗೆ ಮುಚ್ಚತೊಡಗುತ್ತದೆ.

ದುಬಾರಿ ಸಂತೆಯಿದು, ವಾರದ ತರಕಾರಿಗೆಲ್ಲ ಇಲ್ಲಿಗೇ ಬರುವುದು ದಂಡ. ಆದರೆ ಕೋಲ್‌ರಾಬಿ ನೋಡಿದರೆ ಬಿಡಬೇಡಿ, ಅದು ನಮ್ಮ ನವಿಲುಕೋಸೇ. ಕೊಡುವಾಗ ಎಲೆ ಕಿತ್ತುಹಾಕಲೇ ಎಂದು ಕೇಳುತ್ತಾರೆ. ಬೇಡವೆನ್ನಿ, ಎಳೆಯ ಎಲೆ ಪಲ್ಯಕ್ಕಾಗುತ್ತದೆ. ಸಬ್ಬಸಿಗೆ ಸೊಪ್ಪಿಗೆ ಇಲ್ಲಿ ಡಿಲ್ ಎನ್ನುತ್ತಾರೆ. ಸೂಪರ್‌ಮಾರ್ಕೆಟ್‌ನಲ್ಲಿ ಅದರ ನಾಲ್ಕು ಎಸಳನ್ನು ಡಬ್ಬಿಯಲ್ಲಿಟ್ಟು ಮಾರುತ್ತಾರೆ, ಅಕ್ಕಿರೊಟ್ಟಿಗೆ ಅದೆಲ್ಲಿ ಸಾಕು? ಮುಖ್ಯ ರೈಲು ನಿಲ್ದಾಣದ ದಕ್ಷಿಣಕ್ಕಿರುವ ಗೋಥೆಷ್ಟ್ರಾಸೆ, ಲಾಂಡ್‌ವೇರ್‌ಷ್ಟ್ರಾಸೆಯ ಟರ್ಕಿ ಅಂಗಡಿಗಳಿಗೆ ಹೋಗಿ, ದಪ್ಪ ಕಟ್ಟು ಸಿಗುತ್ತದೆ. ಕೊತ್ತಂಬರಿ, ಪುದೀನ, ಹಸಿಮೆಣಸಿನಕಾಯಿಯೂ ಅಲ್ಲೇ. ಕೊತ್ತಂಬರಿಯ ಪಕ್ಕದಲ್ಲೇ ಅದರಂತೆಯೇ ಕಾಣುವ ಪಾರ್ಸ್ಲಿ ಇಟ್ಟಿರುತ್ತಾರೆ, ಬುಟ್ಟಿಗೆ ಹಾಕುವ ಮುಂಚೆ ಮೂಸಿ ನೋಡಿ.

ಸಸ್ಯಾಹಾರಿಗಳು ಮಾಂಸ ಕಾಣದ ಕಡೆಯೇ ಹೆಚ್ಚು ಎಚ್ಚರವಾಗಿರಬೇಕು. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದ ಕೆಲವು ಬೇಕರಿಗಳು ಬ್ರೆಟ್ಸೆ (ಗಂಟು ಹಾಕಿದಂತಿರುವ ಬ್ರೆಡ್) ಹಿಟ್ಟಿಗೆ ಹಂದಿಕೊಬ್ಬು ಹಾಕುತ್ತವೆ, ‘ಶ್ಮಾಲ್ಟ್ಸ್ ಇದೆಯೇ’ ಎಂದು ಕೇಳಿಕೊಳ್ಳಿ. ಆಲೂಗಡ್ಡೆ ಸೂಪು, ಹುಳಿ ಎಲೆಕೋಸು, ಬ್ರೆಡ್ ಉಂಡೆಗಳಲ್ಲಿ ಶ್ಪೆಕ್, ಅಂದರೆ ಹಂದಿಮಾಂಸದ ಚೂರು, ಇರಬಹುದು. ಸಂತೆ ನಡುವಿನ ಬಿಯರ್ ಗಾರ್ಡನ್‌ನಲ್ಲಿ ಮೇಜುಬಟ್ಟೆ ಹಾಸದ ಮೇಜುಗಳಲ್ಲಿ ಮನೆಯಿಂದ ತಂದ ಬುತ್ತಿ ಬಿಚ್ಚಬಹುದು, ಕುಡಿಯುವುದನ್ನು ಮಾತ್ರ ಅಲ್ಲೇ ಕೊಳ್ಳಬೇಕು. ಚಿತ್ರಾನ್ನ ತಂದರೂ ಯಾರೂ ಹುಬ್ಬೇರಿಸುವುದಿಲ್ಲ.

ಮರಿಯೆನ್‌ಪ್ಲಾಟ್ಸ್‌ನ ಹೊಸ ಪುರಭವನದ ಗೋಪುರದಲ್ಲಿ ಬೊಂಬೆಗಳು ಕುಣಿಯುವುದು ದಿನವೂ ಬೆಳಿಗ್ಗೆ 11ಕ್ಕೆ ಮತ್ತು 12ಕ್ಕೆ. ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ಸಂಜೆ 5ಕ್ಕೂ ಉಂಟು. ಮೇಲಿನ ಅಂತಸ್ತಿನಲ್ಲಿ 1568ರಲ್ಲಿ ನಡೆದ ಬವೇರಿಯಾದ ಡ್ಯೂಕ್ ಐದನೇ ವಿಲ್‌ಹೆಲ್ಮ್‌ನ ಮದುವೆ ಮತ್ತು ಕುದುರೆ ಸವಾರರ ಕಾಳಗ, ಕೆಳಗೆ ಪೀಪಾಯಿ ಮಾಡುವವರ ಕುಣಿತ. ಸುಮಾರು ಹನ್ನೆರಡು ನಿಮಿಷ ಹಿಡಿಯುತ್ತದೆ. ಮುಗಿಯಿತೆಂದು ನಡುವೆಯೇ ಹೊರಡುವವರೇ ಜಾಸ್ತಿ, ಕೊನೆಯಲ್ಲಿ ಚಿನ್ನದ ಬಣ್ಣದ ಹುಂಜ ಮೂರು ಸಲ ಕೂಗುತ್ತದೆ. ಎಲ್ಲರೂ ಕತ್ತೆತ್ತಿ ನಿಂತಾಗಲೇ ಜೇಬುಗಳ್ಳರಿಗೆ ಸುಗ್ಗಿ, ಪರ್ಸನ್ನು ಹಿಂದಿನ ಜೇಬಿನಲ್ಲಿಡಬೇಡಿ. ನಿಜ ಹೇಳಬೇಕೆಂದರೆ ಬೊಂಬೆಗಳಿಗಿಂತ ಎದುರಿನ ಸೇಂಟ್ ಪೀಟರ್ ಚರ್ಚಿನ ಗೋಪುರವೇ ಮೇಲು. 306 ಮೆಟ್ಟಿಲು, ಲಿಫ್ಟ್ ಇಲ್ಲ, ಇಕ್ಕಟ್ಟು ಬೇರೆ. ಹತ್ತುವವರೂ ಇಳಿಯುವವರೂ ಒಬ್ಬರಿಗೊಬ್ಬರು ದಾರಿ ಬಿಡಬೇಕು, ಹಾಗಾಗಿ ಬೆಳಿಗ್ಗೆಯೇ ಹೋಗಿ. ಮಂಡಿನೋವಿನ ಹಿರಿಯರನ್ನು ಹತ್ತಿಸಬೇಡಿ. ದಕ್ಷಿಣದ ಬೆಚ್ಚನೆ ಗಾಳಿ ಬೀಸುವ ದಿನ ಆಲ್ಪ್ಸ್ ಸಾಲು ಕೈಗೆಟಕುವಂತೆ ಕಾಣುತ್ತದೆ.

ಹೊಸ ಮನೆ ಹೂಡುವವರಿಗೆ ಔವರ್ ಡುಲ್ಟ್ ಸಂತೆ ಹೇಳಿಮಾಡಿಸಿದ್ದು. ಮರಿಯಾಹಿಲ್ಫ್‌ಪ್ಲಾಟ್ಸ್‌ನಲ್ಲಿ ವರ್ಷಕ್ಕೆ ಮೂರು ಬಾರಿ, ವಸಂತ, ಬೇಸಿಗೆ, ಶರತ್ಕಾಲಗಳಲ್ಲಿ, ಒಂಬತ್ತೊಂಬತ್ತು ದಿನ ನಡೆಯುತ್ತದೆ. ಪಾತ್ರೆ-ಪಿಂಗಾಣಿಯ ಸಾಲೇ ಇದೆ. ದೋಸೆ ಕಾವಲಿಗೆ ಇಲ್ಲಿ ಎರಕದ ಕಬ್ಬಿಣದ್ದು ಹುಡುಕಿ. ಊರಿಂದ ತಂದ ಕಾವಲಿಯ ತಳ ಸ್ವಲ್ಪ ಉಬ್ಬಿದ್ದರೂ ಗಾಜಿನ ಒಲೆಯ ಮೇಲೆ ಅಲ್ಲಾಡುತ್ತದೆ, ನಡುವೆ ಸೀದು ಅಂಚು ಹಸಿಯಾಗಿ ಉಳಿಯುತ್ತದೆ, ಗಾಜಿಗೂ ಗೀರು. ಕೊಳ್ಳುವಾಗ ಕಾವಲಿಯನ್ನು ಸಮತಟ್ಟಾದ ಮೇಜಿನ ಮೇಲಿಟ್ಟು ಅಂಚನ್ನು ಒತ್ತಿ ನೋಡಿ. ನಿಮ್ಮದು ಇಂಡಕ್ಷನ್ ಒಲೆಯಾದರೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಆಯಸ್ಕಾಂತವೊಂದನ್ನು ಜೇಬಿನಲ್ಲಿ ಒಯ್ಯಿರಿ, ಪಾತ್ರೆಯ ತಳಕ್ಕೆ ಅದು ಅಂಟದಿದ್ದರೆ ಪಾತ್ರೆ ಬಿಸಿಯಾಗದು. ಹಳೆ ಸಾಮಾನಿನ ಮಳಿಗೆಗಳೂ ಅಲ್ಲೇ ಇವೆ. ಅಲ್ಲಿ ಚೌಕಾಸಿ ನಡೆಯುತ್ತದೆ, ಸಂಕೋಚಪಡಬೇಡಿ.