ಮಳೆಗಾಲದಲ್ಲೂ ಹುಳಿಯಾಗದ ಮೊಸರು, ಮಕ್ಕಳ ಹಲ್ಲಿಗಾಗಿ

ಪುನರ್ವಸು ಮಳೆ ಹಿಡಿಯಿತೆಂದರೆ ತೀರ್ಥಹಳ್ಳಿ, ಹೊಸನಗರದ ಕಡೆ ಮೊಸರು ಹೆಪ್ಪಾಗುವುದೇ ಕಷ್ಟ. ಆಗ ಹೆಚ್ಚಿನವರು ಹೆಪ್ಪು ಜಾಸ್ತಿ ಹಾಕುತ್ತಾರೆ. ಬೆಳಿಗ್ಗೆ ನೋಡಿದರೆ ಹುಳಿ. ಮಗು ಮುಖ ಕಿವುಚುತ್ತದೆ, ಅದಕ್ಕೆಂದು ಎರಡು ಚಮಚ ಜೋನಿ ಬೆಲ್ಲ ಬೀಳುತ್ತದೆ. ಬಾಯಲ್ಲಿರುವ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಎಂಬ ಬ್ಯಾಕ್ಟೀರಿಯಾಗೆ ಬೇಕಾದದ್ದೂ ಅದೇ. ಸಿಹಿ ತಿಂದು ಅದು ಬಿಡುವ ಆಮ್ಲದಿಂದಲೇ ಹಲ್ಲು ಹುಳುಕಾಗುವುದು. ಹಾಗಾಗಿ ಸಿಹಿ ಬೇಡದ ಮೊಸರು ಮಾಡಲು ಕಲಿಯಬೇಕು.

ಅರ್ಧ ಲೀಟರ್ ಹಾಲು ಚೆನ್ನಾಗಿ ಕಾಯಿಸಿ.

ಎಲ್ಲರೂ ಎಡವುವುದು ಆರಿಸುವಾಗ. ಹೊರಗೆ ಥಂಡಿ ಇದೆಯೆಂದು ಬಿಸಿ ಹಾಲಿಗೇ ಹೆಪ್ಪು ಹಾಕಬೇಡಿ, ಹೆಪ್ಪಿನ ಬ್ಯಾಕ್ಟೀರಿಯಾ ಸತ್ತೇ ಹೋಗುತ್ತದೆ. ತೊಳೆದ ಕಿರುಬೆರಳನ್ನು ಹಾಲಲ್ಲಿ ಅದ್ದಿ, ಹತ್ತು ಎಣಿಸಿ. ಬಿಸಿ ಗೊತ್ತಾಗಬೇಕು, ಆದರೆ ಬೆರಳು ಹಿಂದೆ ತೆಗೆಯುವಂತೆ ಆಗಬಾರದು. ಸುಮಾರು 40ರಿಂದ 43 ಡಿಗ್ರಿ ಸೆಲ್ಸಿಯಸ್. ಅಷ್ಟರಲ್ಲಿ ದಪ್ಪ ಪಿಂಗಾಣಿ ಭರಣಿಯನ್ನು ಬಿಸಿನೀರಲ್ಲಿ ತೊಳೆದು ಒರೆಸಿಡಿ. ತಣ್ಣನೆಯ ಪಾತ್ರೆ ಹಾಲಿನ ಬಿಸಿಯನ್ನೆಲ್ಲ ಎಳೆದುಬಿಡುತ್ತದೆ. ಹಿಂದಿನ ದಿನದ ಹುಳಿಯಾಗದ ಮೊಸರು ಒಂದೇ ಚಮಚ ಸಾಕು. ಅದನ್ನು ಸ್ವಲ್ಪ ಹಾಲಲ್ಲಿ ಗಂಟಿಲ್ಲದಂತೆ ಕದಡಿ, ಭರಣಿಗೆ ಸುರಿದ ಹಾಲಿಗೆ ಬೆರೆಸಿ. ಮುಚ್ಚಿ, ಹಳೇ ಟವೆಲ್ ಸುತ್ತಿ, ಅಕ್ಕಿ ಡಬ್ಬದಲ್ಲಿ ಕತ್ತಿನ ತನಕ ಹೂತಿಡಿ. ಬಚ್ಚಲೊಲೆಯ ದಂಡೆ ಮೇಲೆ ಇಡಲೇಬೇಡಿ. ಒಂದು ಕಡೆ ಕಾದು, ನೀರು ಬಿಟ್ಟು ಹುಳಿಯಾಗುತ್ತದೆ.

ರಾತ್ರಿ ಒಂಬತ್ತಕ್ಕೆ ಇಟ್ಟರೆ ಬೆಳಿಗ್ಗೆ ಆರಕ್ಕೆ ನೋಡಿ. ಭರಣಿ ವಾಲಿಸಿದಾಗ ಅಲುಗದಿದ್ದರೆ ತಕ್ಷಣ ಫ್ರಿಜ್ಜಿಗೆ.

ಮಧ್ಯಾಹ್ನದ ಅನ್ನಕ್ಕೆ ಕಲಸಿ ಕೊಡಿ. ಚಿಟಿಕೆ ಉಪ್ಪು, ತುರಿದ ಮುಳ್ಳುಸೌತೆ ಸಾಕು. ಮೊಸರಿನ ಕ್ಯಾಲ್ಸಿಯಂ ಹಲ್ಲಿಗೆ ಬೇಕೇ ಬೇಕು. ಅಂಗಡಿಯ ಪ್ರೊಬಯಾಟಿಕ್ (ಒಳ್ಳೆಯ ಬ್ಯಾಕ್ಟೀರಿಯಾ ಬೆರೆಸಿದ) ಪಾನೀಯ ಕೊಳ್ಳುವ ಮುಂಚೆ ಲೇಬಲ್ಲಿನಲ್ಲಿ ಸಕ್ಕರೆ ಎಷ್ಟೆಂದು ಓದಿ. ಹಣ್ಣಿನ ರುಚಿಯ ಬಣ್ಣದ ಮೊಸರನ್ನಂತೂ ನಾನು ಮನೆಗೆ ತರುವುದಿಲ್ಲ.

ಫಿನ್‌ಲ್ಯಾಂಡಿನ ಹೆಲ್ಸಿಂಕಿಯ ಶಿಶುವಿಹಾರಗಳಲ್ಲಿ 594 ಮಕ್ಕಳನ್ನಿಟ್ಟುಕೊಂಡು ನಡೆದ ಅಧ್ಯಯನವೊಂದು 2001ರಲ್ಲಿ ಪ್ರಕಟವಾಯಿತು. ಏಳು ತಿಂಗಳು ಲ್ಯಾಕ್ಟೊಬ್ಯಾಸಿಲಸ್ ರ‍್ಯಾಮ್ನೋಸಸ್ ಜಿಜಿ ಎಂಬ ಒಳ್ಳೆಯ ಬ್ಯಾಕ್ಟೀರಿಯಾ ಬೆರೆಸಿದ ಹಾಲು ಕುಡಿದವರಲ್ಲಿ ಹುಳುಕು ಕಡಿಮೆಯಿತ್ತು, ಅದರಲ್ಲೂ 3–4 ವರ್ಷದವರಲ್ಲಿ. ಆದರೆ ಅದು ಆರಿಸಿ ಬೆಳೆಸಿದ ತಳಿ. ನಮ್ಮ ಹೆಪ್ಪಿನಲ್ಲಿ ಯಾವ ತಳಿ ಇದೆಯೋ ಯಾರೂ ಹೇಳಲಾರರು. ಅದಕ್ಕೇ ಮೊಸರು ತಿಂದಿತಲ್ವಾ ಅಂತ ಬ್ರಷ್ ಬಿಡಬೇಡಿ.

ರಾತ್ರಿ ಊಟವಾದ ಮೇಲೆ ಫ್ಲೋರೈಡ್ ಪೇಸ್ಟಿನಲ್ಲಿ ನೀವೇ ಉಜ್ಜಿ. ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು ಪೇಸ್ಟ್. ಉಜ್ಜಿದ ಮೇಲೆ ನೀರು ಬಿಟ್ಟು ಬೇರೇನೂ ಬೇಡ. ಹಾಗೆಯೇ ಮೇಲ್ತುಟಿ ಎತ್ತಿ ನೋಡಿ. ಒಸಡಿನ ಅಂಚಿನಲ್ಲಿ ಸುಣ್ಣದಂಥ ಬಿಳಿ ಗೆರೆ ಕಂಡರೆ ಅದೇ ಹುಳುಕಿನ ಶುರು. ಕಂದು ಬಣ್ಣಕ್ಕೆ ತಿರುಗುವ ಮುಂಚೆಯೇ ದಂತವೈದ್ಯರಿಗೆ ತೋರಿಸಿ.