ವಿಂಡೋಸ್ ಹೊಸದಾಗಿ ಹಾಕುವ ಮುನ್ನ ನಾನು ಏನೇನು ತೆಗೆದಿಡುತ್ತೇನೆ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಅಂದಿನಿಂದ ಮುಂಬಯಿಯಲ್ಲಿ ನಮ್ಮವರ ಹೋಟೆಲು, ಆಫೀಸು, ಸಂಘಗಳಿಂದ 'ಫಾರ್ಮ್ಯಾಟ್ ಮಾಡಿ 11 ಹಾಕಿಕೊಡಿ' ಎನ್ನುವ ಫೋನುಗಳು ಹೆಚ್ಚಾಗಿವೆ. ವೇಗದ ಡಿಸ್ಕಾದ ಎಸ್‌ಎಸ್‌ಡಿ ಇದ್ದರೆ ವಿಂಡೋಸ್ ಹಾಕುವುದು ಅರ್ಧ ಗಂಟೆಯ ಕೆಲಸ. ಅದಕ್ಕೆ ಮುಂಚಿನ ಬ್ಯಾಕಪ್ಪಿಗೆ ನಾನು ಅರ್ಧ ದಿನ ಕೇಳುತ್ತೇನೆ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಯಾರೂ ಮರೆಯುವುದಿಲ್ಲ. ಕಳೆದುಹೋಗುವುದು ಬಳಸುವವರು ಎಂದೂ ತೆರೆದು ನೋಡಿರದ ಫೋಲ್ಡರುಗಳಲ್ಲಿ ಇರುವುದು.

ಹಾಗಾಗಿ 'ಯಾವ ಫೈಲು ಬೇಕು' ಎಂದು ನಾನು ಕೇಳುವುದಿಲ್ಲ. 'ಇದರಲ್ಲಿ ದಿನಾ ಏನು ಕೆಲಸ ಮಾಡುತ್ತೀರಿ' ಎಂದು ಕೇಳುತ್ತೇನೆ. ಬಿಲ್ಲಿಂಗ್, ಲೆಕ್ಕ ಬರೆಯುವ ಟ್ಯಾಲಿ, ಜಿಎಸ್‌ಟಿ, ಮೇಲ್, ಕನ್ನಡ ಟೈಪಿಂಗ್ ಎಂದು ಅವರು ಹೇಳಿದ ಒಂದೊಂದನ್ನೂ ಅವರ ಎದುರೇ ತೆರೆದು, ಅದರ ಡೇಟಾ ಎಲ್ಲಿ ಕುಳಿತಿದೆ ಎಂದು ಬರೆದುಕೊಳ್ಳುತ್ತೇನೆ.

ಟ್ಯಾಲಿಯ ಡೇಟಾ ಸಾಮಾನ್ಯವಾಗಿ ಸಿ ಡ್ರೈವಿನ ಯೂಸರ್ಸ್, ಪಬ್ಲಿಕ್, ಟ್ಯಾಲಿಪ್ರೈಮ್, ಡೇಟಾ ಎಂಬ ದಾರಿಯಲ್ಲಿರುತ್ತದೆ. ಒಂದೊಂದು ಕಂಪನಿಗೆ 10000ದಂಥ ಅಂಕಿಯ ಒಂದೊಂದು ಫೋಲ್ಡರು. ಮಾಲೀಕರ ಹೆಸರಿನ ಫೋಲ್ಡರಷ್ಟೇ ಕಾಪಿ ಮಾಡಿದರೆ ಪಬ್ಲಿಕ್‌ನಲ್ಲಿರುವ ಲೆಕ್ಕವೆಲ್ಲ ಅಲ್ಲೇ ಉಳಿದುಬಿಡುತ್ತದೆ. ನಾನು ಟ್ಯಾಲಿಯೊಳಗಿನಿಂದಲೇ ಒಂದು ಬ್ಯಾಕಪ್ ತೆಗೆದು, ಆಮೇಲೆ ಟ್ಯಾಲಿ ಮುಚ್ಚಿ ಡೇಟಾ ಫೋಲ್ಡರನ್ನು ಇಡಿಯಾಗಿ ಇನ್ನೊಮ್ಮೆ ಕಾಪಿ ಮಾಡುತ್ತೇನೆ. ಲೈಸೆನ್ಸ್ ಸರೆಂಡರ್ ಮಾಡುವುದೂ, ಅಂದರೆ ಹಳೆಯದರಿಂದ ಬಿಡಿಸುವುದೂ, ಆಗಲೇ. ಅದು ಆ ಯಂತ್ರಕ್ಕೆ ಕಟ್ಟಿಕೊಂಡಿರುತ್ತದೆ.

ಹೋಟೆಲ್ ಬಿಲ್ಲಿಂಗ್ ಸಾಫ್ಟ್‌ವೇರುಗಳಲ್ಲಿ ಅನೇಕವು ಎಸ್‌ಕ್ಯೂಎಲ್ ಸರ್ವರ್ ಎಂಬ ಡೇಟಾಬೇಸ್ ವ್ಯವಸ್ಥೆಯ ಮೇಲೆ ಓಡುತ್ತವೆ. ಸರ್ವಿಸ್ ಓಡುತ್ತಿರುವಾಗ ಡೇಟಾಬೇಸ್ ಫೈಲಿಗೆ ಬೀಗ ಬಿದ್ದಿರುತ್ತದೆ, ಕಾಪಿ ಆಗುವುದಿಲ್ಲ. ಸಾಫ್ಟ್‌ವೇರಿನ ಬ್ಯಾಕಪ್ ಬಟನ್ ಒತ್ತಿ ಬರುವ ಬಿಎಕೆ ಫೈಲೇ ಸರಿ. ಮಧ್ಯಾಹ್ನದ ಊಟದ ರಷ್ಷು ಇಳಿದ ಮೇಲೆ, ಕೌಂಟರಿನಲ್ಲಿ ಬಿಲ್ ನಿಲ್ಲಿಸಿ ಇದನ್ನು ತೆಗೆಯಬೇಕು. ಇಲ್ಲದಿದ್ದರೆ ಬ್ಯಾಕಪ್ ಆದಮೇಲಿನ ಬಿಲ್ಲುಗಳು ಲೆಕ್ಕದಿಂದ ಹೊರಗುಳಿಯುತ್ತವೆ.

ನಾನು ಅತಿ ಹೆಚ್ಚು ಎಚ್ಚರ ವಹಿಸುವುದು ಕನ್ನಡ ಫೈಲುಗಳ ವಿಷಯದಲ್ಲಿ. ಸಂಘದ ವಿಶೇಷಾಂಕ, ಸದಸ್ಯರ ಪಟ್ಟಿ, ಆಮಂತ್ರಣ ಪತ್ರಿಕೆಗಳು ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ, ಇಲ್ಲವೇ ಪುಣೆಯ ಮಾಡ್ಯುಲರ್ ಇನ್ಫೋಟೆಕ್‌ನ ಶ್ರೀಲಿಪಿಯಲ್ಲಿ ಇರುತ್ತವೆ. ಇವು ಎಲ್ಲ ಯಂತ್ರಗಳಲ್ಲೂ ಒಂದೇ ಆಗಿರುವ ಯೂನಿಕೋಡ್ ಸಂಕೇತದಲ್ಲಿಲ್ಲ. ಫೈಲಿನೊಳಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತ. ಅದನ್ನು ಕನ್ನಡವಾಗಿ ಕಾಣಿಸುವುದು ಫಾಂಟು. ವರ್ಡ್ ಫೈಲನ್ನು ಜೋಪಾನವಾಗಿ ಇಟ್ಟು ಫಾಂಟನ್ನು ಬಿಟ್ಟರೆ ಹೊಸ ವಿಂಡೋಸಿನಲ್ಲಿ ಪುಟದ ತುಂಬ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತವೆ. ಮಾಲೀಕರು ಫೈಲೇ ಹಾಳಾಯಿತೆಂದು ಅಳಿಸಿಬಿಡುವ ಅಪಾಯವೂ ಇದೆ. ಆದ್ದರಿಂದ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರು ಇಡಿಯಾಗಿ ಬೇಕು. ಬಳಕೆದಾರನ ಫೋಲ್ಡರಿನೊಳಗೆ ಮರೆಯಾಗಿರುವ ಆಪ್‌ಡೇಟಾ, ಲೋಕಲ್, ಮೈಕ್ರೋಸಾಫ್ಟ್, ವಿಂಡೋಸ್ ದಾರಿಯಲ್ಲಿ ಇನ್ನೊಂದು ಫಾಂಟ್ಸ್ ಫೋಲ್ಡರಿದೆ. ಒಬ್ಬ ಬಳಕೆದಾರನಿಗೆ ಮಾತ್ರ ಹಾಕಿದ ಫಾಂಟುಗಳು ಅಲ್ಲಿಗೆ ಹೋಗುತ್ತವೆ. ಅದೂ ಬೇಕು. ಮುಖ್ಯವಾದ ಕನ್ನಡ ಫೈಲುಗಳನ್ನು ಹಳೆಯ ಯಂತ್ರದಲ್ಲೇ ಪಿಡಿಎಫ್ ಮಾಡಿಡುತ್ತೇನೆ, ಏಕೆಂದರೆ ಪಿಡಿಎಫ್‌ನೊಳಗೆ ಫಾಂಟು ಸೇರಿಕೊಂಡಿರುತ್ತದೆ. ಯೂನಿಕೋಡಿಗೆ ಪರಿವರ್ತಿಸುವ ಕೆಲಸ ಆಮೇಲೆ ನಿಧಾನವಾಗಿ ಮಾಡಬಹುದು. ಆಗ ಅರ್ಕಾವತ್ತು ಸ್ಥಳ ತಪ್ಪುವುದುಂಟು, ಹೋಲಿಸಿ ನೋಡಲು ಈ ಪಿಡಿಎಫ್ ಕೈಯಲ್ಲಿರಬೇಕು.

ಕ್ರೋಮ್‌ನ ಪಾಸ್‌ವರ್ಡುಗಳು ಫೋಲ್ಡರ್ ಕಾಪಿ ಮಾಡಿದರೆ ಬರುವುದಿಲ್ಲ. ಆ ವಿಂಡೋಸ್ ಖಾತೆಯ ಕೀಲಿಯಿಂದಲೇ ಅವು ಗೂಢೀಕರಣಗೊಂಡಿರುತ್ತವೆ, ವಿಂಡೋಸ್ ಹೋದರೆ ಕೀಲಿಯೂ ಹೋಯಿತು. ಗೂಗಲ್ ಖಾತೆಗೆ ಸಿಂಕ್ ಆಗಿದೆಯೇ ನೋಡಬೇಕು, ಇಲ್ಲದಿದ್ದರೆ ಸಿಎಸ್‌ವಿ ಎಂಬ ಸಾದಾ ಪಟ್ಟಿಯ ಫೈಲಿಗೆ ಎಕ್ಸ್‌ಪೋರ್ಟ್ ಮಾಡಬೇಕು. ಔಟ್‌ಲುಕ್ ಇದ್ದರೆ ಅದನ್ನು ಮುಚ್ಚಿ ಮೇಲ್‌ಗಳಿರುವ ಪಿಎಸ್‌ಟಿ ಫೈಲು ತೆಗೆದುಕೊಳ್ಳಿ. ಓಎಸ್‌ಟಿ ಫೈಲು ಸರ್ವರಿನಲ್ಲಿರುವ ಮೇಲ್‌ಗಳ ಬರೀ ನಕಲು, ಹೊಸ ಪ್ರೊಫೈಲಿನಲ್ಲಿ ತೆರೆಯುವುದಿಲ್ಲ. ಒನ್‌ಡ್ರೈವ್ ಇದ್ದಲ್ಲಿ ಫೈಲಿನ ಪಕ್ಕ ಮೋಡದ ಚಿತ್ರ ಕಂಡರೆ ಅದು ಡಿಸ್ಕಿನಲ್ಲೇ ಇಲ್ಲ, ಖಾತೆಯ ಪಾಸ್‌ವರ್ಡ್ ಗೊತ್ತಿದೆಯೇ ಎಂದು ಮೊದಲು ವಿಚಾರಿಸಿ.

ಕಾಪಿ ಶುರುಮಾಡುವ ಮುನ್ನ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಹಳೆಯ ಹಾರ್ಡ್ ಡಿಸ್ಕಿನ ಆರೋಗ್ಯ ನೋಡುತ್ತೇನೆ. ಸಿ5 ಸಾಲಿನಲ್ಲಿ, ಅಂದರೆ ಓದಲಾಗದೆ ಬಾಕಿ ಉಳಿದ ಸೆಕ್ಟರುಗಳ ಲೆಕ್ಕದಲ್ಲಿ, ಸೊನ್ನೆ ಬಿಟ್ಟು ಬೇರೆ ಅಂಕಿ ಇದ್ದರೆ ವಿಂಡೋಸಿನ ಡಿಸ್ಕ್ ದುರಸ್ತಿ ಸಾಧನವಾದ ಚೆಕ್‌ಡಿಸ್ಕ್ ಓಡಿಸುವ ಗೋಜಿಗೆ ಹೋಗಬೇಡಿ. ದುರ್ಬಲವಾದ ಡಿಸ್ಕಿಗೆ ಅದು ಇನ್ನಷ್ಟು ಹೊರೆ. ಮೊದಲು ಟ್ಯಾಲಿ, ಆಮೇಲೆ ಫೋಟೋ, ಕೊನೆಗೆ ಉಳಿದದ್ದು ಎಂದು ಮುಖ್ಯವಾದದ್ದರಿಂದ ಎತ್ತುತ್ತಾ ಹೋಗಬೇಕು.

ಇನ್ನು ಎಲ್ಲಿಗೆ ಕಾಪಿ ಮಾಡುವುದು? ಡಿ ಡ್ರೈವಿಗೆ ಹಾಕಿದರೆ ಅದು ಬ್ಯಾಕಪ್ ಅಲ್ಲ. ಬಹಳ ಕಡೆ ಸಿ, ಡಿ ಎರಡೂ ಒಂದೇ ಡಿಸ್ಕಿನ ಭಾಗಗಳು. ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಯಲ್ಲಿ ಬಿಲ್ ಸಮೇತ 1 ಟಿಬಿಯ ಹೊರಗಿನ ಡಿಸ್ಕ್ ಕೊಳ್ಳಿ. ಫುಟ್‌ಪಾತಿನಲ್ಲಿ ಕಡಿಮೆ ಬೆಲೆಗೆ ಸಿಗುವ '2 ಟಿಬಿ' ಪೆನ್ ಡ್ರೈವುಗಳನ್ನು ಮುಟ್ಟಬೇಡಿ. ಸುಳ್ಳು ಗಾತ್ರ ತೋರಿಸುವ ಅಂಥವು ನಿಜವಾದ ಜಾಗ ತುಂಬಿದ ಮೇಲೂ ಕಾಪಿ ಆಗುತ್ತಿರುವಂತೆ ನಟಿಸುತ್ತವೆ, ತೆರೆದಾಗ ಒಳಗೇನೂ ಇರುವುದಿಲ್ಲ. ಡಿಸ್ಕಿನ ಫಾರ್ಮ್ಯಾಟ್ ಎಫ್‌ಎಟಿ32 ಇದ್ದರೆ 4 ಜಿಬಿಗಿಂತ ದೊಡ್ಡ ಫೈಲು ಹಿಡಿಸದು, ಮದುವೆ ವಿಡಿಯೋ, ಪಿಎಸ್‌ಟಿ ಅಲ್ಲೇ ನಿಲ್ಲುತ್ತವೆ. ಎನ್‌ಟಿಎಫ್‌ಎಸ್ ಮಾಡಿಕೊಳ್ಳಿ. ಸೆಕೆಂಡಿಗೆ 35 ಎಂಬಿ ಸಾಗುವ ಯುಎಸ್‌ಬಿ 2 ಪೋರ್ಟಿನಲ್ಲಿ 200 ಜಿಬಿಗೆ ಒಂದೂವರೆ ಗಂಟೆಗೂ ಹೆಚ್ಚು ಹಿಡಿಯುತ್ತದೆ. ನೀಲಿ ಬಣ್ಣದ ಯುಎಸ್‌ಬಿ 3 ಪೋರ್ಟಿನಲ್ಲಿ 100 ಎಂಬಿ ವೇಗ ಸಿಕ್ಕರೆ ಅರ್ಧ ಗಂಟೆ ಚಿಲ್ಲರೆ.

ಎಳೆದು ಹಾಕುವ ಕಾಪಿಯನ್ನು ನಾನು ನೆಚ್ಚುವುದಿಲ್ಲ, ವಿಂಡೋಸಿನಲ್ಲೇ ಇರುವ, ಟೈಪ್ ಮಾಡಿ ಕೊಡುವ ರೋಬೋಕಾಪಿ ಆಜ್ಞೆ ಬಳಸುತ್ತೇನೆ. ಸ್ಲ್ಯಾಶ್ ಇ ಕೊಟ್ಟರೆ ಖಾಲಿ ಫೋಲ್ಡರೂ ಸೇರಿ ಎಲ್ಲ ಬರುತ್ತದೆ. ಸ್ಲ್ಯಾಶ್ ಎಕ್ಸ್‌ಜೆ ಬಿಡಬಾರದು. ಆಪ್‌ಡೇಟಾದಲ್ಲಿ ತಾನಿರುವ ಫೋಲ್ಡರನ್ನೇ ಮತ್ತೆ ತೋರಿಸುವ ಜಂಕ್ಷನ್ನುಗಳು, ಅಂದರೆ ಕೊಂಡಿಗಳು, ಇವೆ, ಅದಿಲ್ಲದೆ ಕಾಪಿ ಒಳಗೊಳಗೇ ಸುತ್ತುತ್ತದೆ. ಸ್ಲ್ಯಾಶ್ ಆರ್ 1, ಸ್ಲ್ಯಾಶ್ ಡಬ್ಲ್ಯೂ 1 ಸಹ ಹಾಕಿ. ಹಾಕದಿದ್ದರೆ ಓದಲಾಗದ ಒಂದೇ ಫೈಲಿಗಾಗಿ 30 ಸೆಕೆಂಡಿಗೊಮ್ಮೆ 10 ಲಕ್ಷ ಸಲ ಪ್ರಯತ್ನಿಸುತ್ತಾ ನಿಲ್ಲುತ್ತದೆ. ಮೂಲದಲ್ಲಿಲ್ಲದ್ದನ್ನು ಗುರಿಯಿಂದ ಅಳಿಸುವ ಎಂಐಆರ್ ಆಯ್ಕೆ ಮಾತ್ರ ಬೇಡ. ಮೂಲ ಯಾವುದು, ಗುರಿ ಯಾವುದು ಎಂಬುದು ಅದಲುಬದಲಾದರೆ ಮೂಲವೇ ಅಳಿಸಿಹೋಗುತ್ತದೆ. ಲಾಗ್ ಫೈಲಿನ ಕೊನೆಯಲ್ಲಿ ಫೇಲ್ಡ್ ಎಂಬ ಕಾಲಂನಲ್ಲಿ ಕಾಪಿ ಆಗದವುಗಳ ಎಣಿಕೆ ಇರುತ್ತದೆ, ಹೆಸರುಗಳು ಲಾಗಿನ ಮೇಲ್ಭಾಗದಲ್ಲಿರುತ್ತವೆ. ಅಲ್ಲಿ ಎನ್‌ಟಿಯೂಸರ್ ಹೆಸರಿನ ಫೈಲುಗಳು ಬಿದ್ದಿದ್ದರೆ ಚಿಂತೆಯಿಲ್ಲ, ಲಾಗಿನ್ ಆಗಿರುವಾಗ ಅವು ಸಿಗುವುದಿಲ್ಲ. ಮಿಕ್ಕ ಪ್ರತಿಯೊಂದಕ್ಕೂ ಕಾರಣ ಹುಡುಕಬೇಕು.

ಕಾಪಿ ಆದಮೇಲೆ ಹೊರಗಿನ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಾಕಿ, ಟ್ಯಾಲಿ ಬ್ಯಾಕಪ್ ರಿಸ್ಟೋರ್ ಮಾಡಿ ಕೊನೆಯ ವೋಚರಿನ ತಾರೀಖು ನೋಡುತ್ತೇನೆ. ಒಂದು ಎಕ್ಸೆಲ್, ಒಂದು ಕನ್ನಡ ಫೈಲು, ಹತ್ತಾರು ಫೋಟೋ ತೆರೆಯುತ್ತೇನೆ. ಫೈಲುಗಳ ಸಂಖ್ಯೆ ತಾಳೆಯಾದರೆ ಸಾಲದು, ಹೆಸರು ಮಾತ್ರ ಬಂದು ಒಳಗೆ ಸೊನ್ನೆ ಕೆಬಿ ಇರಬಹುದು.

ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದ್ದರೆ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಹೊಸ ವಿಂಡೋಸ್ ಬಂದಮೇಲೆ ಡಿ ಡ್ರೈವ್ ಅದನ್ನು ಕೇಳುತ್ತದೆ. ಯಂತ್ರದ ಭಾಗಗಳನ್ನು ನಡೆಸುವ ಡ್ರೈವರುಗಳನ್ನು ವಿಂಡೋಸಿನ ಪಿಎನ್‌ಪಿಯುಟಿಲ್ ಆಜ್ಞೆಯಿಂದ ಎಕ್ಸ್‌ಪೋರ್ಟ್ ಮಾಡಿಡುವುದೂ ಒಳ್ಳೆಯದು, ವೈಫೈ ಡ್ರೈವರಿಲ್ಲದೆ ಇಂಟರ್ನೆಟ್ ಇಲ್ಲ. ಇಂಟೆಲ್ 11ನೇ ತಲೆಮಾರಿನಿಂದ ಈಚೆಗಿನ ಹಲವು ಲ್ಯಾಪ್‌ಟಾಪುಗಳಲ್ಲಿ ಡಿಸ್ಕನ್ನು ನಿಯಂತ್ರಿಸುವ ಇಂಟೆಲ್‌ನ ವಿಎಂಡಿ ಡ್ರೈವರ್ ಕೊಡುವವರೆಗೆ ಇನ್‌ಸ್ಟಾಲರಿಗೆ ಡಿಸ್ಕೇ ಕಾಣುವುದಿಲ್ಲ. ಡಿಸ್ಕ್ ಕೆಟ್ಟಿದೆ ಎಂದು ಗಾಬರಿಯಾಗಬೇಡಿ.

ಇನ್‌ಸ್ಟಾಲ್ ಶುರುವಾಗುವ ಮುಂಚೆ ಬ್ಯಾಕಪ್ ಡಿಸ್ಕನ್ನು ಕಿತ್ತು ಬ್ಯಾಗಿಗೆ ಹಾಕಿ. ಪಾರ್ಟಿಷನ್ ಅಳಿಸುವ ಪರದೆಯಲ್ಲಿ ಡಿಸ್ಕುಗಳಿಗೆ ಬರೀ 0, 1 ಎಂಬ ಸಂಖ್ಯೆ. ಕಣ್ಣು ತಪ್ಪಿದರೆ ಬ್ಯಾಕಪ್ಪೇ ಅಳಿದುಹೋಗುತ್ತದೆ. ಕೆಲಸ ಮುಗಿದ ಮೇಲೂ ಆ ಡಿಸ್ಕನ್ನು ಒಂದು ತಿಂಗಳು ಹಾಗೆಯೇ ಇಡಲು ಹೇಳುತ್ತೇನೆ, ಜಿಎಸ್‌ಟಿ ರಿಟರ್ನ್ ಒಮ್ಮೆ ತುಂಬುವವರೆಗೆ ಏನು ಬಿಟ್ಟುಹೋಗಿದೆ ಎಂದು ತಿಳಿಯುವುದಿಲ್ಲ. ಪಾಸ್‌ವರ್ಡಿನ ಸಿಎಸ್‌ವಿಯನ್ನು ಮಾತ್ರ ಕ್ರೋಮ್‌ಗೆ ಸೇರಿಸಿದ ಕೂಡಲೇ ಶಿಫ್ಟ್ ಡಿಲೀಟ್ ಮಾಡಿ. ಅದರೊಳಗೆ ಎಲ್ಲವೂ ಯಾರು ಬೇಕಾದರೂ ಓದಬಹುದಾದ ಸಾದಾ ಅಕ್ಷರದಲ್ಲಿ ಇರುತ್ತದೆ.