ಒಂದೇ ಕಾಲಿನ ಚಪ್ಪಲಿ ಜಾರ್ತಿದ್ಯಾ? ನರ ಎಲ್ಲಿ ಕೈಕೊಟ್ಟಿದೆ ಅಂತ ಹುಡುಕೋದು ಹೀಗೆ

ಕೋಲಾರದ ಹತ್ರದ ಹಳ್ಳಿಯಿಂದ ಒಬ್ಬರು ಯಜಮಾನ್ರು ಬಂದಿದ್ರು. "ಸಾರ್, ಎರಡು ದಿನ ಟೊಮೆಟೊ ತೋಟದಲ್ಲಿ ಕುಕ್ಕರಗಾಲಲ್ಲಿ ಕೂತು ಕಳೆ ಕಿತ್ತೆ, ಆವತ್ತಿಂದ ಈ ಕಾಲಲ್ಲಿ ಚಪ್ಪಲಿ ನಿಲ್ತಾನೇ ಇಲ್ಲ" ಅಂದ್ರು. ಅವರ ಮಾತು ಮುಗಿಯೋ ಮುಂಚೆ ಮಗ ಸೊಂಟದ ಎಂಆರ್‌ಐ ಫಿಲ್ಮ್ ಕೈಗಿಟ್ಟ. ಡಿಸ್ಕ್ ಉಬ್ಬಿದೆ ಅಂತ ರಿಪೋರ್ಟು, ಆ ವಯಸ್ಸಿನವರ ಸೊಂಟದಲ್ಲಿ ಅದು ಕಾಣದೇ ಇದ್ರೇನೇ ಆಶ್ಚರ್ಯ ಬಿಡಿ. ಆದ್ರೆ ತೊಂದರೆ ಇದ್ದಿದ್ದು ಮಂಡಿ ಪಕ್ಕದಲ್ಲಿ, ಅದನ್ನ ಹುಡುಕೋಕೆ ಬೇಕಾಗಿದ್ದು ಹತ್ತು ನಿಮಿಷ ಮತ್ತು ಎರಡು ಕೈ. ಫಿಸಿಯೋ, ನರ್ಸಿಂಗ್ ಓದ್ತಿರೋ ಹುಡುಗರಿಗೆ ಅದನ್ನೇ ಇಲ್ಲಿ ಬರೀತಿದೀನಿ, ಡಾಕ್ಟ್ರು ಕಾಲನ್ನ ಯಾಕೆ ಹಂಗೆಲ್ಲಾ ತಿರುಗಿಸ್ತಾರೆ ಅಂತ ಮನೆಯವರಿಗೂ ಗೊತ್ತಾಗುತ್ತೆ.

ಮೊದಲು ಪೇಶೆಂಟ್ ಹಾಕ್ಕೊಂಡು ಬಂದಿರೋ ಚಪ್ಪಲಿ ಎತ್ತಿ ನೋಡಿ. ಒಂದು ಚಪ್ಪಲಿಯ ಮುಂದಿನ ತುದಿ ಮಾತ್ರ ಸವೆದಿದ್ರೆ ಆ ಪಾದ ನೆಲಕ್ಕೆ ಉಜ್ತಿದೆ ಅಂತ. ಆಮೇಲೆ ನಡೆಸಿ: ಹಿಮ್ಮಡಿ ಮೇಲೆ ನಾಲ್ಕು ಹೆಜ್ಜೆ, ತುದಿಗಾಲಲ್ಲಿ ನಾಲ್ಕು ಹೆಜ್ಜೆ. ಕೊನೆಗೆ ಒಂದೇ ಕಾಲಲ್ಲಿ ನಿಲ್ಲಿಸಿ ಹಿಂದಿನಿಂದ ಸೊಂಟ ನೋಡಿ, ಎತ್ತಿರೋ ಕಾಲಿನ ಕಡೆ ಸೊಂಟ ಕೆಳಗೆ ಇಳಿದ್ರೆ ನಿಂತಿರೋ ಕಾಲಿನ ಕಡೆ ಗ್ಲೂಟಿಯಸ್ ಮೀಡಿಯಸ್ (ಸೊಂಟದ ಪಕ್ಕದ ಸ್ನಾಯು) ವೀಕ್ ಇರಬೋದು.

ಈಗ ಮಲಗಿಸಿ. ಶಕ್ತಿ ನೋಡೋ ಮುಂಚೆ ಕಾಲನ್ನ ನೀವೇ ಅಲ್ಲಾಡಿಸಿ ನೋಡ್ಬೇಕು, ಇದನ್ನ ಬಿಡ್ಲೇಬೇಡಿ, ಯಾಕಂದ್ರೆ ಕೀಲೇ ಹಿಡ್ಕೊಂಡಿದ್ರೆ ನರದ ಮೇಲೆ ತಪ್ಪು ಹಾಕಿ ಪ್ರಯೋಜನ ಇಲ್ಲ. ಹಿಪ್ ಸುಮಾರು 120 ಡಿಗ್ರಿ ಮಡಚುತ್ತೆ, ಮಂಡಿ 135ರ ಆಸುಪಾಸು, ಪಾದ ಮೇಲಕ್ಕೆ 20, ಕೆಳಕ್ಕೆ 50ರ ಹತ್ರ. ನಂಬರ್‌ಗಿಂತ ಮುಖ್ಯ ಆ ಕಾಲಿಗೂ ಈ ಕಾಲಿಗೂ ಹೋಲಿಸಿ ನೋಡೋದು.

ಶಕ್ತಿಗೆ 0ಯಿಂದ 5ರವರೆಗೆ ಮಾರ್ಕ್ಸು. ಭೂಮಿ ಎಳೆತದ ವಿರುದ್ಧ ತಾನೇ ಎತ್ತಿದ್ರೆ 3, ನೀವು ಸ್ವಲ್ಪ ತಡೆದ್ರೂ ಎತ್ತಿದ್ರೆ 4, ಪೂರ್ತಿ ತಡೆದ್ರೂ ಜಗ್ಗದಿದ್ರೆ 5. ಮೀನಖಂಡವನ್ನ ಮಾತ್ರ ಕೈಯಲ್ಲಿ ತಡೆದು ಅಳೀಬೇಡಿ, ಅದರ ಮುಂದೆ ನಿಮ್ಮ ಕೈ ಸೋಲುತ್ತೆ. ಒಂಟಿ ತುದಿಗಾಲಲ್ಲಿ ಹತ್ತು ಸಲ ಎದ್ದು ಇಳಿಯೋಕೆ ಹೇಳಿ, ವೀಕ್ನೆಸ್ ಇದ್ರೆ ಆರೇಳಕ್ಕೆ ಗೊತ್ತಾಗ್ಬಿಡುತ್ತೆ.

ಇನ್ನು ಎಲ್ಲರೂ ಉರು ಹೊಡೆದು ಪರೀಕ್ಷೆ ಮುಗಿದ ದಿನವೇ ಮರೆಯೋ ಭಾಗ, ಯಾವ ಚಲನೆಗೆ ಯಾವ ನರ. ಎಲ್ ಅಂದ್ರೆ ಸೊಂಟದ ಬೆನ್ನುಮೂಳೆಯಿಂದ ಹೊರಡೋ ನರದ ಬೇರು, ಎಸ್ ಅಂದ್ರೆ ಅದಕ್ಕೂ ಕೆಳಗಿನ ಮೂಳೆಯಿಂದ ಹೊರಡೋದು. ಮೆಟ್ಟಿಲು ಇಳಿದ ಹಾಗೆ ನೆನಪಿಟ್ಕೊಳ್ಳಿ. ಹಿಪ್ ಮಡಚೋಕೆ ಎಲ್2-3, ಮಂಡಿ ಚಾಚೋಕೆ ಎಲ್3-4, ಪಾದ ಮೇಲೆತ್ತೋಕೆ ಎಲ್4-5. ಹಿಂದಿನ ಕಡೆ ಹಿಪ್ ಚಾಚೋಕೆ ಎಲ್4-5, ಮಂಡಿ ಮಡಚೋಕೆ ಎಲ್5-ಎಸ್1, ಪಾದ ಕೆಳಗೆ ಒತ್ತೋಕೆ ಎಸ್1-2. ಪುಸ್ತಕದಿಂದ ಪುಸ್ತಕಕ್ಕೆ ಅರ್ಧ ಮೆಟ್ಟಿಲು ಆಕಡೆ ಈಕಡೆ ಇರುತ್ತೆ, ತಲೆ ಕೆಡಿಸ್ಕೋಬೇಡಿ. ಈ ಬೇರುಗಳೇ ಸೇರ್ಕೊಂಡು ಕಾಲಿನ ನರಗಳಾಗ್ತವೆ: ತೊಡೆ ಮುಂದಿನ ಸ್ನಾಯುಗೆ ಫೆಮೋರಲ್ ನರ, ತೊಡೆ ಒಳಗೆ ಸೇರಿಸೋಕೆ ಆಬ್ಟುರೇಟರ್, ತೊಡೆ ಹಿಂದಕ್ಕೆ ಸಯಾಟಿಕ್. ಆ ಸಯಾಟಿಕ್ಕೇ ಮಂಡಿ ಮೇಲೆ ಎರಡು ಕವಲಾಗುತ್ತೆ: ಮೀನಖಂಡಕ್ಕೆ ಹೋಗೋದು ಟಿಬಿಯಲ್, ಪಕ್ಕಕ್ಕೆ ಸುತ್ಕೊಂಡು ಬರೋದು ಕಾಮನ್ ಪೆರೋನಿಯಲ್.

ನಮ್ಮ ಯಜಮಾನ್ರ ಕಥೆ ಈ ಪೆರೋನಿಯಲ್ಲಿಂದೇ. ಮಂಡಿ ಕೆಳಗೆ ಹೊರಗಡೆ ಒಂದು ಸಣ್ಣ ಮೂಳೆಗುಬ್ಬು ಕೈಗೆ ಸಿಗುತ್ತೆ, ಅದರ ಕತ್ತಿನ ಹತ್ರ ಈ ನರ ಚರ್ಮದ ಕೆಳಗೇ ಮೂಳೆಗೆ ಅಂಟ್ಕೊಂಡು ಹೋಗುತ್ತೆ. ಗಂಟೆಗಟ್ಲೆ ಕುಕ್ಕರಗಾಲಲ್ಲಿ ಕೂತ್ರೆ, ಕಾಲ ಮೇಲೆ ಕಾಲು ಹಾಕೊಂಡೇ ಇದ್ರೆ, ಪ್ಲಾಸ್ಟರ್ ಬಿಗಿಯಾದ್ರೆ ಅಲ್ಲೇ ಅದುಮುತ್ತೆ, ಪಾದ ಜೋತು ಬೀಳುತ್ತೆ. ಆದ್ರೆ ಸೊಂಟದಲ್ಲಿ ಎಲ್5 ಬೇರು ಅದುಮಿದ್ರೂ ಪಾದ ಹೀಗೇ ಜೋತು ಬೀಳುತ್ತೆ, ಹೆಬ್ಬೆರಳೂ ಮೇಲೇಳಲ್ಲ, ಪಾದದ ಮೇಲ್ಭಾಗ ಎರಡರಲ್ಲೂ ಜೋಮು. ಹಾಗಾದ್ರೆ ಬೇರೆ ಮಾಡೋದು ಹೆಂಗೆ?

ಎರಡು ಟೆಸ್ಟು. ಒಂದು, ಪಾದದ ಅಡಿಯನ್ನ ಒಳಗಡೆಗೆ ತಿರುಗಿಸೋಕೆ ಹೇಳಿ ತಡೀರಿ. ಇದನ್ನ ಮಾಡೋ ಟಿಬಿಯಾಲಿಸ್ ಪೋಸ್ಟೀರಿಯರ್ ಸ್ನಾಯುಗೆ ಬೇರು ಎಲ್5, ಆದ್ರೆ ನರ ಟಿಬಿಯಲ್. ಪೆರೋನಿಯಲ್ ಮಾತ್ರ ಕೆಟ್ಟಿದ್ರೆ ಇದು ಗಟ್ಟಿಯಾಗೇ ಇರುತ್ತೆ. ಹುಡುಗರು ಇಲ್ಲೇ ಎಡವೋದು, ಜೋತು ಬಿದ್ದಿರೋ ಪಾದವನ್ನ ಹಾಗೇ ಬಿಟ್ಟು ಟೆಸ್ಟ್ ಮಾಡಿದ್ರೆ ಇದೂ ವೀಕ್ ಅನ್ಸುತ್ತೆ, ನಿಮ್ಮ ಅಂಗೈ ಕೊಟ್ಟು ಪಾದವನ್ನ ನೇರ ಕೋನಕ್ಕೆ ಎತ್ತಿ ಹಿಡ್ಕೊಂಡೇ ನೋಡಿ. ಎರಡನೇದು, ಪಕ್ಕಕ್ಕೆ ಮಲಗಿಸಿ ಮೇಲಿನ ಕಾಲನ್ನ ಎತ್ತಿಸಿ. ಅದಕ್ಕೆ ಗ್ಲೂಟಿಯಸ್ ಮೀಡಿಯಸ್, ಅದೂ ಮುಖ್ಯವಾಗಿ ಎಲ್5, ಆದ್ರೆ ಅದರ ನರ ಪೆರೋನಿಯಲ್ ಅಲ್ಲ, ಸೊಂಟದಲ್ಲೇ ಕವಲೊಡೆದು ಹೋಗಿರುತ್ತೆ. ಎರಡೂ ವೀಕ್ ಇದ್ರೆ ಸೊಂಟ ನೋಡಿ, ಎರಡೂ ಗಟ್ಟಿ ಇದ್ರೆ ಮಂಡಿ ಪಕ್ಕ ನೋಡಿ. ಆ ಮೂಳೆಗುಬ್ಬಿನ ಹತ್ರ ಬೆರಳಲ್ಲಿ ಹೊರಳಿಸಿದಾಗ ನರ ಹಗ್ಗದ ತರ ದಪ್ಪ ಸಿಕ್ಕಿದ್ರೆ ಮೈಮೇಲೆ ಸ್ಪರ್ಶ ಇಲ್ಲದ ಮಚ್ಚೆ ಇದೆಯಾ ಹುಡುಕಿ, ಕುಷ್ಠ ಈ ನರವನ್ನ ಹಿಡಿಯುತ್ತೆ, ಅದಕ್ಕೆ ಔಷಧಿ ಇದೆ.

ಸುತ್ತಿಗೆ ಕೊನೇಲಿ. ಮಂಡಿ ಏಟು ಎಲ್3-4, ಹಿಮ್ಮಡಿ ಏಟು ಎಸ್1. ಏಟಿಗೆ ಕಾಲು ಚಿಮ್ಮದೇ ಇದ್ರೆ ತೊಂದರೆ ಬೇರು ಅಥವಾ ನರದಲ್ಲಿ, ಅತಿಯಾಗಿ ಚಿಮ್ಮಿದ್ರೆ ಮೇಲೆ ಬೆನ್ನುಹುರಿ ಅಥವಾ ಮೆದುಳಲ್ಲಿ. ನಮ್ಮ ಕಡೆ ಇದನ್ನ ಹಗುರವಾಗಿ ತಗೋಬೇಡಿ. ಪಾವಗಡ, ಬಾಗೇಪಲ್ಲಿ ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ, ವರ್ಷಗಟ್ಲೆ ಕುಡಿದವರಿಗೆ ಬೆನ್ನುಮೂಳೆ ಬಿಗಿದು ಹುರಿ ಅದುಮೋದುಂಟು. ಬಗ್ಗೋಕಾಗದ ಬೆನ್ನು, ಕಂದುಗಟ್ಟಿದ ಹಲ್ಲು, ಸೆಟೆದ ಕಾಲು ಒಟ್ಟಿಗೆ ಕಂಡ್ರೆ "ವಯಸ್ಸಾಯ್ತಲ್ಲ ಅಜ್ಜಿ" ಅಂತ ಮನೆಗೆ ಕಳಿಸ್ಬೇಡಿ.

ಕಾಲಿನ ಬಲ ಹೋಗೋದ್ರ ಜೊತೆಗೆ ಮೂತ್ರ ಕಟ್ಟಿದ್ರೆ, ತೊಡೆಸಂದಿಯಲ್ಲಿ ಜೋಮು ಬಂದಿದ್ರೆ ಈ ಟೆಸ್ಟೆಲ್ಲಾ ಪಕ್ಕಕ್ಕಿಟ್ಟು ಆವತ್ತೇ ದೊಡ್ಡಾಸ್ಪತ್ರೆಗೆ ಹೊರಡಿಸಿ.

ಯಜಮಾನ್ರಿಗೆ ಎರಡೂ ಟೆಸ್ಟು ಗಟ್ಟಿ ಇತ್ತು. ಡಾಕ್ಟ್ರಿಗೂ ತೋರಿಸಿ, ಪಾದ ಎತ್ತಿ ಹಿಡಿಯೋ ಸ್ಪ್ಲಿಂಟ್ ಕೊಟ್ಟು, ಕುಕ್ಕರಗಾಲು ಬೇಡವೇ ಬೇಡ ಅಂದ್ವಿ. ಆರು ವಾರ ಬಿಟ್ಟು ಬಂದಾಗ ಹೆಬ್ಬೆರಳು ಸ್ವಲ್ಪ ಏಳ್ತಿತ್ತು. "ಕಳೆ ಯಾರು ಕೀಳ್ತಿದಾರೆ ಈಗ?" ಅಂದೆ. ಮಗನ ಕಡೆ ಕೈ ತೋರಿಸಿದ್ರು.